ಒಂದು ಎಂ.ಎ. ಪ್ರಬಂಧ, ನಾಲ್ಕು ಗೊಂಬೆಗಳು

ನಾನು ಆರನೇ ಕ್ಲಾಸಿನಲ್ಲಿದ್ದಾಗ ಒಂದು ದಿನ ನಮ್ಮ ಮೇಷ್ಟ್ರು ಹಾಜರಿ ಪುಸ್ತಕ ಮಡಚಿಟ್ಟು ಇನ್ನೊಂದು ಪಟ್ಟಿ ತೆಗೆದರು. 'ಸ್ಕಾಲರ್‌ಶಿಪ್ ಬರೋ ಹುಡುಗ್ರೆಲ್ಲ ಎದ್ದು ನಿಂತ್ಕೊಳ್ರೋ' ಅಂದರು. ನಾವು ಒಂಬತ್ತು ಜನ ಎದ್ದು ನಿಂತೆವು. ಮೇಷ್ಟ್ರು ಕೆಟ್ಟವರಲ್ಲ. ಹೊಡೆದವರಲ್ಲ, ಜಾತಿ ಎತ್ತಿ ಬೈದವರಲ್ಲ. ದುಡ್ಡು ಕೊಡೋಕೆ ಅಂತಲೇ ನಿಲ್ಲಿಸಿದ್ದು. ಆದರೂ ಆ ಐದು ನಿಮಿಷ ನಾವು ಒಂಬತ್ತು ಜನ ನೆಲ ನೋಡುತ್ತಾ ನಿಂತಿದ್ದೆವು. ಕೂತವರು ನಮ್ಮನ್ನು ನೋಡುತ್ತಿದ್ದರು. ಅವತ್ತು ಮಧ್ಯಾಹ್ನ ಬೋರ್ಡಿನ ಮೇಲೆ ಬರೆದ ಲೆಕ್ಕ ನನಗೆ ಬರಲಿಲ್ಲ. ಅದಕ್ಕೆ ಹಿಂದಿನ ದಿನ ಅದೇ ಲೆಕ್ಕ ಬಂದಿತ್ತು.

ಬಂದಿದ್ದ ಲೆಕ್ಕ ಯಾಕೆ ಬರದೆ ಹೋಗುತ್ತೆ ಅಂತ ವಿಚಾರ ಮಾಡುವ ಒಂದು ಶಾಸ್ತ್ರ ಇದೆ ಅನ್ನೋದು ನನಗೆ ಗೊತ್ತಾದದ್ದು ಕಾಲೇಜಿಗೆ ಬಂದ ಮೇಲೆ. ಮಗುವಿನ ಮನಸ್ಸು ವರ್ಷದಿಂದ ವರ್ಷಕ್ಕೆ ಹೇಗೆ ಬೆಳೆಯುತ್ತೆ, ಯಾವುದು ಅದನ್ನು ಬೆಳೆಸುತ್ತೆ, ಯಾವುದು ಮುರುಟಿಸುತ್ತೆ ಅಂತ ನೋಡುವ ಮನಶ್ಶಾಸ್ತ್ರ ಅದು. ಅದನ್ನು ಪುಸ್ತಕದಿಂದ ಹೊರಗೆ ತಂದು ಶಾಲೆಗೆ, ಆಸ್ಪತ್ರೆಗೆ, ಕೋರ್ಟಿಗೆ ಒಯ್ದರೆ ಅನ್ವಯಿಕ ಅನ್ನುತ್ತಾರೆ. ಎಂ.ಎ.ಗೆ ಇದನ್ನೇ ಓದ್ತೀನಿ ಅಂದಾಗ ಅವ್ವ ಕೇಳಿದಳು: 'ಅದೇನ್ಲಾ ಆ ಓದು? ಹುಚ್ಚು ಬಿಡ್ಸೋದಾ?' ನಾನು ನಕ್ಕುಬಿಟ್ಟೆ. ಆಮೇಲೆ ಯೋಚಿಸಿದರೆ ಅವ್ವ ಕೇಳಿದ್ದು ಸರಿಯಾಗೇ ಇತ್ತು. ಹುಚ್ಚು ಬಿಡಿಸಬೇಕಾದ್ದು ಹೌದು. ಆದರೆ ಯಾರದ್ದು? ಎದ್ದು ನಿಂತ ಹುಡುಗನದ್ದೋ, ಎದ್ದು ನಿಲ್ಲಿಸೋ ವ್ಯವಸ್ಥೆಯದ್ದೋ?

ಈ ಪ್ರಶ್ನೆಗೆ ಉತ್ತರ ಹುಡುಕಿದ ಒಬ್ಬ ಎಂ.ಎ. ವಿದ್ಯಾರ್ಥಿನಿಯ ಚರಿತ್ರೆ ಇದು. ಆಕೆ ನಮ್ಮ ದೇಶದವಳಲ್ಲ, ಅಮೆರಿಕದ ಕಪ್ಪು ಹೆಣ್ಣುಮಗಳು. ಹೆಸರು ಮೇಮಿ ಫಿಪ್ಸ್, ಮದುವೆಯಾದ ಮೇಲೆ ಮೇಮಿ ಕ್ಲಾರ್ಕ್. ಅವರ ಕಥೆ ನಮಗ್ಯಾಕೆ ಅಂತ ಕೇಳುವವರಿಗೆ ಒಂದು ಮಾತು. 1946ರಲ್ಲಿ ಬಾಬಾಸಾಹೇಬರು ಅಮೆರಿಕದ ಕರಿಯರ ಹಿರಿಯ ಚಿಂತಕ ಡುಬಾಯ್ಸ್ ಅವರಿಗೆ ಪತ್ರ ಬರೆದು, ಕರಿಯರು ವಿಶ್ವಸಂಸ್ಥೆಗೆ ಕೊಟ್ಟ ಮನವಿಯ ಪ್ರತಿ ಕಳಿಸಿ ಅಂತ ಕೇಳಿದ್ದರು. ಅವರ ಸ್ಥಿತಿಗೂ ನಮ್ಮ ಸ್ಥಿತಿಗೂ ಇರುವ ಹೋಲಿಕೆ ನೋಡಿದರೆ ಅವರನ್ನು ಓದೋದು ನಮಗೆ ಅಗತ್ಯ ಅನ್ನೋದು ಅಂಬೇಡ್ಕರರ ನಿಲುವು. ಅವರು ಹೇಳಿದ ಓದನ್ನೇ ನಾವೂ ಮುಂದುವರಿಸೋಣ.

ಮೊದಲು ಈ ಶಾಸ್ತ್ರದ ಕೈಗೆ ಅಂಟಿದ ಕೊಳೆ ನೋಡಬೇಕು. 1905ರಲ್ಲಿ ಪ್ಯಾರಿಸ್ಸಿನ ಆಲ್ಫ್ರೆಡ್ ಬಿನೆ ಅನ್ನುವವರು ಮಕ್ಕಳ ಬುದ್ಧಿ ಅಳೆಯೋ ಪರೀಕ್ಷೆ ಮಾಡಿದರು. ಶಾಲೆಯಲ್ಲಿ ಹಿಂದುಳಿದ ಮಕ್ಕಳನ್ನು ಗುರುತಿಸಿ ಅವರಿಗೆ ಹೆಚ್ಚಿನ ನೆರವು ಕೊಡಲಿ ಅನ್ನೋದು ಅವರ ಉದ್ದೇಶ. ಅದು ಹಡಗು ಹತ್ತಿ ಅಮೆರಿಕಕ್ಕೆ ಹೋದದ್ದೇ ತಡ, ನೆರವಿನ ಅಳತೆಗೋಲು ದೊಣ್ಣೆಯಾಯಿತು. ಮೊದಲ ಮಹಾಯುದ್ಧದಲ್ಲಿ 17 ಲಕ್ಷಕ್ಕೂ ಮೀರಿ ಸೈನಿಕರಿಗೆ ಬುದ್ಧಿ ಪರೀಕ್ಷೆ ಕೊಟ್ಟರು. ಓದಲು ಶಾಲೆಯೇ ಕೊಡದೆ ಇಟ್ಟಿದ್ದ ಕರಿಯರಿಗೆ ಕಡಿಮೆ ಅಂಕ ಬಂತು. 'ನೋಡಿ, ಇವರ ಹುಟ್ಟೇ ಹೀಗೆ' ಅಂತ ಪ್ರೊಫೆಸರುಗಳು ಪುಸ್ತಕ ಬರೆದರು. ನಮ್ಮಲ್ಲಿ ಹುಟ್ಟಿನಿಂದ ಬುದ್ಧಿ ಹಂಚೋ ಕೆಲಸವನ್ನು ಮನು ಮಾಡಿದ. ಅಲ್ಲಿ ಅದನ್ನು ಅಂಕಿಅಂಶದ ಪಟ್ಟಿ ಮಾಡಿತು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರ ವಿಭಾಗ ಶುರುವಾದದ್ದು 1924ರಲ್ಲಿ. ಅಂದರೆ ಈ ಶಾಸ್ತ್ರ ನಮ್ಮ ನಾಡಿಗೆ ಬಂದು ನೂರು ವರ್ಷ ದಾಟಿದೆ. ನಮ್ಮ ಕೇರಿಗೆ ಅದು ಇನ್ನೂ ಸರಿಯಾಗಿ ಬಂದಿಲ್ಲ.

ಮೇಮಿ ಹುಟ್ಟಿದ್ದು 1917ರಲ್ಲಿ, ಅರ್ಕನ್ಸಾ ರಾಜ್ಯದ ಹಾಟ್ ಸ್ಪ್ರಿಂಗ್ಸ್ ಊರಿನಲ್ಲಿ. ಅಪ್ಪ ಡಾಕ್ಟರು. ಮನೆಯಲ್ಲಿ ಊಟಕ್ಕೆ ಕೊರತೆ ಇರಲಿಲ್ಲ. ಆದರೆ ಡಾಕ್ಟರ ಮಗಳಾದರೂ ಶಾಲೆ ಬೇರೆ. 1896ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು 'ಬೇರೆ ಇಡಬಹುದು, ಸಮಾನವಾಗಿದ್ದರೆ ಸಾಕು' ಅಂತ ತೀರ್ಪು ಕೊಟ್ಟಿತ್ತು. ದಕ್ಷಿಣದ ರಾಜ್ಯಗಳು ಬೇರೆ ಇಟ್ಟವು, ಸಮಾನ ಅನ್ನೋದನ್ನ ಮರೆತವು. ಕರಿಯರ ಮಕ್ಕಳಿಗೆ ಬೇರೆ ಶಾಲೆ, ಹರಿದ ಪುಸ್ತಕ, ಸೋರೋ ಸೂರು. ಊರಿಗೊಂದು ಬಾವಿ, ಕೇರಿಗೊಂದು ಬಾವಿ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

1934ರಲ್ಲಿ, ಹದಿನೇಳು ತುಂಬಿದ ಹುಡುಗಿ ವಾಷಿಂಗ್ಟನ್ನಿನ ಹೋವರ್ಡ್ ವಿಶ್ವವಿದ್ಯಾನಿಲಯಕ್ಕೆ ಬಂದಳು. ಗುಲಾಮಗಿರಿ ಮುಗಿದ ಎರಡು ವರ್ಷಕ್ಕೆ, 1867ರಲ್ಲಿ, ಕರಿಯರ ಓದಿಗಾಗಿ ಹುಟ್ಟಿದ ವಿಶ್ವವಿದ್ಯಾನಿಲಯ ಅದು. ಮೇಮಿಗೆ ಇಷ್ಟವಿದ್ದದ್ದು ಗಣಿತ. ಆದರೆ ಗಣಿತದ ಪ್ರೊಫೆಸರುಗಳು ಹೆಣ್ಣುಮಕ್ಕಳನ್ನು ಹತ್ತಿರ ಸೇರಿಸಲಿಲ್ಲ. ಕಪ್ಪು ಜನರ ವಿಶ್ವವಿದ್ಯಾನಿಲಯದ ಒಳಗೂ ಹೆಣ್ಣಿಗೆ ಒಂದು ಹಿತ್ತಿಲು ಇತ್ತು ಅನ್ನೋದನ್ನ ನಾವು ಮುಚ್ಚಿಡಬಾರದು. ಅಲ್ಲೇ ಮನಶ್ಶಾಸ್ತ್ರ ಎಂ.ಎ. ಓದುತ್ತಿದ್ದ ಕೆನೆತ್ ಕ್ಲಾರ್ಕ್, 'ಈ ಕಡೆ ಬಾ, ಮಕ್ಕಳ ಮೇಲೆ ಕೆಲಸ ಮಾಡಬಹುದು' ಅಂತ ಕರೆದ. ಕೆನೆತ್‌ನ ತಾಯಿ ನ್ಯೂಯಾರ್ಕಿನ ಹಾರ್ಲೆಂ ಕೇರಿಯಲ್ಲಿದ್ದುಕೊಂಡು ಬಟ್ಟೆ ಹೊಲಿದು ಮಕ್ಕಳನ್ನು ಸಾಕಿದವಳು, ಹೊಲಿಗೆ ಕೆಲಸಗಾರರ ಸಂಘ ಕಟ್ಟಿದವಳು. ವಿಭಾಗದ ಮುಖ್ಯಸ್ಥರು ಫ್ರಾನ್ಸಿಸ್ ಸಮ್ನರ್. 1920ರಲ್ಲಿ ಮನಶ್ಶಾಸ್ತ್ರದಲ್ಲಿ ಪಿಎಚ್.ಡಿ. ಪಡೆದ ಅಮೆರಿಕದ ಮೊದಲ ಕರಿಯ ಆತ. ಅಳೆಸಿಕೊಂಡವರ ಮಕ್ಕಳು ಮೊದಲ ಸಲ ಅಳತೆಗೋಲನ್ನು ತಮ್ಮ ಕೈಗೆ ತೆಗೆದುಕೊಂಡ ಜಾಗ ಅದು.

1938ರಲ್ಲಿ ಬಿ.ಎ. ಮುಗಿಸಿದ ಬೇಸಿಗೆಯಲ್ಲಿ ಮೇಮಿ ಒಂದು ವಕೀಲರ ಕಚೇರಿಯಲ್ಲಿ ಗುಮಾಸ್ತೆಯಾಗಿ ಸೇರಿದಳು. ಕರಿಯರ ಹಕ್ಕಿನ ಕೇಸುಗಳನ್ನು ನಡೆಸುತ್ತಿದ್ದ ಹ್ಯೂಸ್ಟನ್ ಅವರ ಕಚೇರಿ ಅದು. ಮುಂದೆ ಸುಪ್ರೀಂ ಕೋರ್ಟಿನ ಮೊದಲ ಕರಿಯ ನ್ಯಾಯಮೂರ್ತಿಯಾದ ಥರ್ಗುಡ್ ಮಾರ್ಷಲ್ ಅಲ್ಲಿಗೆ ಬಂದು ಹೋಗುತ್ತಿದ್ದರು. ಬೇರ್ಪಡಿಕೆಯ ಕಾನೂನನ್ನು ಮುರಿಯಬಹುದು ಅನ್ನೋ ನಂಬಿಕೆ ಆಕೆಗೆ ಬಂದದ್ದು ಅಲ್ಲಿ, ಫೈಲುಗಳ ನಡುವೆ.

ಎಂ.ಎ. ಪ್ರಬಂಧಕ್ಕೆ ವಿಷಯ ಬೇಕಾಯಿತು. ವಾಷಿಂಗ್ಟನ್ನಿನ ಕರಿಯರ ಶಿಶುವಿಹಾರದ ಮಕ್ಕಳ ನಡುವೆ ಆಕೆ ಕೆಲಸ ಮಾಡಿದ್ದಳು. ಸುಮಾರು 150 ಮಕ್ಕಳು. ಗೆರೆಯಲ್ಲಿ ಬರೆದ ಚಿತ್ರಗಳನ್ನು ಅವರ ಮುಂದಿಟ್ಟಳು. ಒಬ್ಬ ಬಿಳಿ ಹುಡುಗ, ಒಬ್ಬ ಕಪ್ಪು ಹುಡುಗ, ಒಂದು ಸಿಂಹ, ನಾಯಿ, ಕೋಳಿ, ಕೋಡಂಗಿ. 'ಇದರಲ್ಲಿ ನೀನು ಯಾರು ತೋರಿಸು.' ಇಷ್ಟೇ ಪ್ರಶ್ನೆ. ಮೂರು ನಾಲ್ಕು ವರ್ಷದ ಕೂಸುಗಳಿಗೆ ತಮ್ಮ ಬಣ್ಣ ಆಗಲೇ ಗೊತ್ತಾಗಿರುತ್ತೆ ಅನ್ನೋದನ್ನ ಆ ಪ್ರಬಂಧ ತೋರಿಸಿತು. ಅಕ್ಷರ ಕಲಿಯೋಕೆ ಮುಂಚೆ ಮಗು ಬಣ್ಣ ಕಲಿತಿರುತ್ತೆ. ನಮ್ಮಲ್ಲೂ ಹಾಗೇ ಅಲ್ಲವೇ? ಯಾವ ಮನೆ ಜಗಲಿ ಹತ್ತಬಾರದು ಅಂತ ನನಗೆ 'ಅ ಆ ಇ ಈ'ಗಿಂತ ಮೊದಲೇ ಗೊತ್ತಿತ್ತು. ಯಾರು ಕಲಿಸಿದರು ಅಂತ ನೆನಪಿಲ್ಲ.

1939ರಲ್ಲಿ ಮುಗಿದ ಆ ಪ್ರಬಂಧದಿಂದಲೇ ಗೊಂಬೆಗಳು ಬಂದದ್ದು. ರೋಸೆನ್‌ವಾಲ್ಡ್ ನಿಧಿಯ ಫೆಲೋಶಿಪ್ ಸಿಕ್ಕಿ ಗಂಡ ಹೆಂಡತಿ ಸೇರಿ ಕೆಲಸ ಮುಂದುವರಿಸಿದರು. ನಾಲ್ಕು ಗೊಂಬೆ. ಎರಡು ಕಂದು ಬಣ್ಣದವು, ಕಪ್ಪು ಕೂದಲು. ಎರಡು ಬಿಳಿ ಬಣ್ಣದವು, ಹಳದಿ ಕೂದಲು. ಮಿಕ್ಕಂತೆ ಎಲ್ಲ ಒಂದೇ ಅಚ್ಚು. ಮೂರರಿಂದ ಏಳು ವರ್ಷದ 253 ಕಪ್ಪು ಮಕ್ಕಳು. ಅದರಲ್ಲಿ 134 ಮಕ್ಕಳು ಅರ್ಕನ್ಸಾದ ಬೇರ್ಪಟ್ಟ ಶಾಲೆಗಳವರು, ಮೇಮಿಯ ಹುಟ್ಟೂರಿನ ಮಕ್ಕಳೂ ಅದರಲ್ಲಿದ್ದರು. 119 ಮಕ್ಕಳು ಉತ್ತರದ ಸ್ಪ್ರಿಂಗ್‌ಫೀಲ್ಡ್ ಊರಿನವರು. ಅಲ್ಲಿ ಕರಿಯರು ಬಿಳಿಯರು ಒಂದೇ ಶಾಲೆ.

'ನಿನಗೆ ಆಡೋಕೆ ಇಷ್ಟವಾದ ಗೊಂಬೆ ಕೊಡು.' ನೂರಕ್ಕೆ 67 ಮಕ್ಕಳು ಬಿಳಿ ಗೊಂಬೆ ಕೊಟ್ಟವು. 'ಒಳ್ಳೆ ಗೊಂಬೆ ಕೊಡು.' 59 ಮಕ್ಕಳು ಬಿಳಿಯದನ್ನು ಕೊಟ್ಟವು. 'ಕೆಟ್ಟದಾಗಿ ಕಾಣೋ ಗೊಂಬೆ ಕೊಡು.' 59 ಮಕ್ಕಳು ಕಂದು ಗೊಂಬೆ ಎತ್ತಿಕೊಟ್ಟವು. ಎಲ್ಲ ಆದ ಮೇಲೆ ಕೊನೆಯ ಪ್ರಶ್ನೆ: 'ನಿನ್ನ ಹಾಗೆ ಕಾಣೋ ಗೊಂಬೆ ಯಾವುದು, ಕೊಡು.'

ಈ ಜಾಗದಲ್ಲಿ ಸ್ವಲ್ಪ ನಿಲ್ಲಿ. ಆ ಮಗು ಈಗ ತಾನೇ ಕೆಟ್ಟದ್ದು ಅಂತ ತೋರಿಸಿದ ಗೊಂಬೆಯನ್ನೇ ತಿರುಗಿ ಕೈಗೆತ್ತಿಕೊಂಡು 'ಇದು ನಾನು' ಅನ್ನಬೇಕು. ಉತ್ತರದ ಊರಿನಲ್ಲಿ ಕೆಲವು ಮಕ್ಕಳು ಅತ್ತುಕೊಂಡು ಕೋಣೆ ಬಿಟ್ಟು ಓಡಿದವು. ದಕ್ಷಿಣದಲ್ಲಿ ಒಂದು ಮಗು ನಗುತ್ತಾ ಕಂದು ಗೊಂಬೆ ತೋರಿಸಿ, ಬಿಳಿಯರು ಕರಿಯರನ್ನು ಬೈಯುವ ಹೊಲಸು ಮಾತಿನಲ್ಲೇ ಅದನ್ನೂ ಕರೆಯಿತು, ತನ್ನನ್ನೂ ಕರೆದುಕೊಂಡಿತು. ಅಳುವಿಗಿಂತ ಈ ನಗು ಕಡಿಮೆ ಭಯಂಕರದ್ದಲ್ಲ. ಬೈಗುಳವೇ ಹೆಸರಾಗಿ, ಕೂಗಿದರೆ 'ಓ' ಅನ್ನುತ್ತಿದ್ದ ನಮ್ಮ ತಾತಂದಿರ ಕಾಲ ಇನ್ನೂ ಹಳೆಯದಾಗಿಲ್ಲ. ಈ ಫಲಿತಾಂಶ ಕಂಡು ಸ್ವತಃ ಕ್ಲಾರ್ಕ್ ದಂಪತಿಯೇ ಕಂಗೆಟ್ಟು ಕೆಲವು ವರ್ಷ ಅದನ್ನು ಹಾಗೇ ಇಟ್ಟುಕೊಂಡಿದ್ದರು. ಗೊಂಬೆಗಳ ಪೂರ್ತಿ ವರದಿ ಅಚ್ಚಾದದ್ದು 1947ರಲ್ಲಿ.

ಈ ನಡುವೆ ಮೇಮಿ ಪಿಎಚ್.ಡಿ.ಗೆ ಅಂತ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯ ಸೇರಿದ್ದಳು. 1913ರಿಂದ 1916ರವರೆಗೆ ಬಾಬಾಸಾಹೇಬರು ಓದಿದ ಕೊಲಂಬಿಯಾ ಇದೇ. ಆಕೆ ಆರಿಸಿಕೊಂಡ ಮಾರ್ಗದರ್ಶಕ ಹೆನ್ರಿ ಗ್ಯಾರೆಟ್. ಅಂಕಿಅಂಶ ಶಾಸ್ತ್ರದಲ್ಲಿ ದೊಡ್ಡ ಹೆಸರು. ಕರಿಯರು ಹುಟ್ಟಿನಿಂದಲೇ ಬುದ್ಧಿಯಲ್ಲಿ ಕೀಳು ಅಂತ ನಂಬಿದ್ದ ಮನುಷ್ಯ. ಆತನ ಕೈಕೆಳಗೇ ಓದಿ, ಓದುತ್ತಲೇ ತಾಯಿಯಾಗಿ, 1943ರಲ್ಲಿ ಮೇಮಿ ಡಾಕ್ಟರೇಟ್ ಪಡೆದಳು. ಕೊಲಂಬಿಯಾದಲ್ಲಿ ಮನಶ್ಶಾಸ್ತ್ರದ ಪಿಎಚ್.ಡಿ. ಪಡೆದ ಎರಡನೇ ಕಪ್ಪು ವ್ಯಕ್ತಿ. ಮೊದಲನೆಯವನು ಗಂಡ ಕೆನೆತ್, 1940ರಲ್ಲಿ.

ಡಾಕ್ಟರೇಟ್ ಸಿಕ್ಕಿತು, ಕೆಲಸ ಸಿಕ್ಕಲಿಲ್ಲ. ಕಪ್ಪು ಹೆಂಗಸಿನ ಕೈಯಲ್ಲಿ ಪಿಎಚ್.ಡಿ. ಇದ್ದರೆ ಅದನ್ನು ಎಲ್ಲಿಡಬೇಕು ಅಂತ ನ್ಯೂಯಾರ್ಕಿಗೆ ಗೊತ್ತಾಗಲಿಲ್ಲ. ಓದಿಗೆ ತಕ್ಕದ್ದಲ್ಲದ ಕೆಲಸಗಳಲ್ಲಿ ಕೆಲವು ಕಾಲ ಕಳೆದಳು. ಡಿಗ್ರಿ ಮಡಚಿ ಜೇಬಿನಲ್ಲಿಟ್ಟುಕೊಂಡು ತಿರುಗುತ್ತಿರುವ ನಮ್ಮ ಹುಡುಗ ಹುಡುಗಿಯರಿಗೆ ಇದು ಹೊಸ ಸುದ್ದಿಯಲ್ಲ.

ಈಗ ಕೋರ್ಟಿಗೆ ಬರೋಣ. ದಕ್ಷಿಣ ಕೆರೊಲಿನಾದ ಕ್ಲಾರೆಂಡನ್ ಕೌಂಟಿ. ಹತ್ತಿ ಹೊಲಗಳ ನಾಡು. ಬಿಳಿ ಮಕ್ಕಳಿಗೆ ಶಾಲಾ ಬಸ್ಸು ಇತ್ತು, ಕಪ್ಪು ಮಕ್ಕಳು ಮೈಲಿಗಟ್ಟಲೆ ನಡೆಯಬೇಕು. ನಮಗೂ ಒಂದು ಬಸ್ಸು ಕೊಡಿ ಅನ್ನೋದರಿಂದ ಜಗಳ ಶುರುವಾಯಿತು. ಮನವಿಗೆ ಸಹಿ ಹಾಕಿದ ಹ್ಯಾರಿ ಬ್ರಿಗ್ಸ್ ಪೆಟ್ರೋಲ್ ಬಂಕಿನ ಕೆಲಸ ಕಳೆದುಕೊಂಡ. ಹೆಂಡತಿ ಇಲೈಜಾ ಕೂಡ ಕೆಲಸ ಕಳೆದುಕೊಂಡಳು. ಮುಂದೆ ನಿಂತು ಜನರನ್ನು ಕೂಡಿಸಿದ ಪಾದ್ರಿ ಡಿಲೇನ್ ಅವರ ಮನೆಗೆ ಬೆಂಕಿ ಬಿತ್ತು. ಸಹಿ ಅನ್ನೋದು ಎಷ್ಟು ತೂಕದ್ದು ನೋಡಿ. ಕೋರ್ಟಿನ ಚರಿತ್ರೆ ಬರೆಯುವವರು ವಕೀಲರ ಹೆಸರು ಬರೆಯುತ್ತಾರೆ. ಕೆಲಸ ಕಳೆದುಕೊಂಡವರ ಹೆಸರನ್ನು ನಾವು ಬರೆಯಬೇಕು.

ಬೇರ್ಪಡಿಕೆಯಿಂದ ಮಕ್ಕಳಿಗೆ ಹಾನಿಯಾಗುತ್ತೆ ಅಂತ ಸಾಬೀತು ಮಾಡಬೇಕಿತ್ತು. ವಕೀಲ ರಾಬರ್ಟ್ ಕಾರ್ಟರ್ ಈ ಗೊಂಬೆಗಳ ವಿಷಯ ತಿಳಿದು ಕೆನೆತ್ ಕ್ಲಾರ್ಕ್‌ನನ್ನು ಕರೆಸಿದರು. ಕೋರ್ಟಿಗೆ ಗೊಂಬೆ ತರ್ತೀರಾ ಅಂತ ಜೊತೆಯ ವಕೀಲರೇ ಕೆಲವರು ನಕ್ಕರು. 1951ರ ಮೇ ತಿಂಗಳಲ್ಲಿ ಕೆನೆತ್ ಅಲ್ಲಿನ ಕಪ್ಪು ಶಾಲೆಯ 16 ಮಕ್ಕಳನ್ನು ಕೇಳಿದ. 11 ಮಕ್ಕಳು ಕಂದು ಗೊಂಬೆಯನ್ನು ಕೆಟ್ಟದ್ದು ಅಂದವು. ಅದನ್ನೇ ಕೋರ್ಟಿನಲ್ಲಿ ಸಾಕ್ಷಿ ಹೇಳಿದ. ಮೂವರು ನ್ಯಾಯಾಧೀಶರಲ್ಲಿ ಇಬ್ಬರು ಒಪ್ಪಲಿಲ್ಲ. ವೇರಿಂಗ್ ಅನ್ನುವ ಒಬ್ಬ ಬಿಳಿ ನ್ಯಾಯಾಧೀಶ ಮಾತ್ರ, ಬೇರ್ಪಡಿಕೆ ಅನ್ನೋದೇ ಅಸಮಾನತೆ ಅಂತ ಭಿನ್ನ ತೀರ್ಪು ಬರೆದ.

ಅದೇ 1951ರ ಏಪ್ರಿಲ್‌ನಲ್ಲಿ ವರ್ಜೀನಿಯಾದ ಪ್ರಿನ್ಸ್ ಎಡ್ವರ್ಡ್ ಕೌಂಟಿಯಲ್ಲಿ ಬಾರ್ಬರಾ ಜಾನ್ಸ್ ಅನ್ನೋ ಹದಿನಾರರ ಹುಡುಗಿ ತನ್ನ ಹೈಸ್ಕೂಲಿನ ಮಕ್ಕಳನ್ನೆಲ್ಲ ಸ್ಟ್ರೈಕಿಗೆ ಇಳಿಸಿದ್ದಳು. ಅದೂ ಕೇಸಾಯಿತು. 1952ರಲ್ಲಿ ವಿಚಾರಣೆ. ಬೇರ್ಪಡಿಕೆಯ ಪರವಾಗಿ ಸಾಕ್ಷಿ ಹೇಳೋಕೆ ಸರ್ಕಾರ ಕರೆಸಿದ್ದು ಯಾರನ್ನ? ಪ್ರೊಫೆಸರ್ ಹೆನ್ರಿ ಗ್ಯಾರೆಟ್! ಅವರ ಮಾತನ್ನು ಅಲ್ಲಗಳೆಯೋಕೆ ಕರಿಯರ ವಕೀಲರು ಕರೆಸಿದ್ದು ಅವರದೇ ಶಿಷ್ಯೆ ಡಾಕ್ಟರ್ ಮೇಮಿ ಕ್ಲಾರ್ಕ್‌ರನ್ನ. ನಮ್ಮ ಪುರಾಣದಲ್ಲಿ ಗುರು ಹೆಬ್ಬೆರಳು ಕೇಳಿದ, ಶಿಷ್ಯ ಕತ್ತರಿಸಿ ಕೊಟ್ಟ. ಈ ಶಿಷ್ಯೆ ಕೊಡಲಿಲ್ಲ. ಅವರು ಕಲಿಸಿದ ಅಂಕಿಅಂಶವನ್ನೇ ಹಿಡಿದು ಅವರೆದುರು ನಿಂತಳು.

1954ರ ಮೇ 17ರಂದು, ನಾಲ್ಕು ರಾಜ್ಯಗಳ ಕೇಸುಗಳನ್ನು ಕೂಡಿಸಿ ಒಂಬತ್ತು ನ್ಯಾಯಮೂರ್ತಿಗಳು ಒಂದೇ ದನಿಯಲ್ಲಿ ಹೇಳಿದರು: ಬೇರ್ಪಟ್ಟ ಶಾಲೆ ಎಂದೂ ಸಮಾನವಲ್ಲ, ಅದು ಮಗುವಿನ ಎದೆಯಲ್ಲಿ ಕೀಳರಿಮೆ ಬಿತ್ತುತ್ತೆ. ತೀರ್ಪಿನ 11ನೇ ಅಡಿಟಿಪ್ಪಣಿಯಲ್ಲಿ ಆಧಾರಗಳ ಪಟ್ಟಿಯಿದೆ. ಮೊದಲ ಹೆಸರು ಕೆನೆತ್ ಕ್ಲಾರ್ಕ್. ಮೇಮಿಯ ಹೆಸರು ಇಲ್ಲ. ಇದು ಮೂಲದಲ್ಲಿ ಮೇಮಿಯ ಕೆಲಸ, ನಾನು ಮಧ್ಯೆ ನುಗ್ಗಿದವನು ಅಂತ ಕೆನೆತ್ ಮುಂದೆ ತಾನೇ ಹೇಳಿದ. ಆದರೆ ತೀರ್ಪು ತಿದ್ದುಪಡಿ ಆಗಲಿಲ್ಲ. ನಮ್ಮ ಚಳವಳಿಗಳ ಚರಿತ್ರೆಯಲ್ಲೂ ಹೀಗೆ ಅಡಿಟಿಪ್ಪಣಿಗೂ ಬಾರದ ಅವ್ವಂದಿರು ಎಷ್ಟು ಜನ ಇದ್ದಾರೆ, ಲೆಕ್ಕ ಹಾಕಬೇಕು.

ಇಲ್ಲಿಗೆ ನಿಲ್ಲಿಸಿದರೆ ಜಯಘೋಷ ಆಗುತ್ತೆ, ಚರಿತ್ರೆ ಆಗಲ್ಲ. ಗೊಂಬೆಗಳು ಹೇಳಿದ್ದು ಅಷ್ಟು ಸರಳವೂ ಅಲ್ಲ. ಬೇರ್ಪಟ್ಟ ದಕ್ಷಿಣದಲ್ಲಿ ಕಂದು ಗೊಂಬೆಯನ್ನು ಕೆಟ್ಟದ್ದು ಅಂದವರು ನೂರಕ್ಕೆ 49 ಮಕ್ಕಳು. ಒಟ್ಟಿಗೆ ಓದುತ್ತಿದ್ದ ಉತ್ತರದಲ್ಲಿ 71 ಮಕ್ಕಳು! ಹಾಗಾದರೆ ಬೇರೆ ಶಾಲೆಯೇ ಒಳ್ಳೆಯದಾಯಿತಲ್ಲ ಅಂತ ಬೇರ್ಪಡಿಕೆಯ ವಕೀಲರು ಸುಪ್ರೀಂ ಕೋರ್ಟಿನಲ್ಲಿ ಈ ಅಂಕಿಯನ್ನೇ ಹಿಡಿದರು. ನನಗೆ ಅನ್ನಿಸೋದು ಇಷ್ಟು: ಒಂದೇ ಕೋಣೆಯಲ್ಲಿ ಕೂರಿಸಿದ ಮಾತ್ರಕ್ಕೆ ಗೋಡೆ ಬೀಳಲ್ಲ. ಶಾಲೆಯ ಹೊರಗೆ ಬಿಳಿಯೇ ಚೆಂದ, ಬಿಳಿಯೇ ದೇವರು, ಬಿಳಿಯೇ ಯಜಮಾನ ಅಂತ ಇಡೀ ದೇಶ ಹೇಳುತ್ತಿರುವಾಗ ಮಗುವಿನ ಪಕ್ಕದಲ್ಲಿ ಯಾರು ಕೂತರೆ ಏನು? ಉತ್ತರದ ಮಗು ಆ ಮಾತನ್ನು ದಿನಾ ಹತ್ತಿರದಿಂದ ಕೇಳಿಸಿಕೊಳ್ಳುತ್ತಿತ್ತು.

ಇನ್ನೊಂದು ಅಂಕಿಯನ್ನು ಯಾರೂ ಹೆಚ್ಚು ಹೇಳಲ್ಲ. 'ಇದು ನಾನು' ಅಂತ ಕಂದು ಗೊಂಬೆ ಎತ್ತಿದವರು ಮೂರು ವರ್ಷದ ಮಕ್ಕಳಲ್ಲಿ ನೂರಕ್ಕೆ 36. ಏಳು ವರ್ಷದವರಲ್ಲಿ 87. ಮಗು ಬೆಳೆದಂತೆ ತಾನು ಯಾರು ಅನ್ನೋದರ ಅರಿವೂ ಬೆಳೆಯುತ್ತೆ. ಆ ಅರಿವಿಗೆ ಹೆಮ್ಮೆ ಸಿಕ್ಕುತ್ತೋ ನಾಚಿಕೆ ಸಿಕ್ಕುತ್ತೋ ಅನ್ನೋದನ್ನ ಮಗು ತೀರ್ಮಾನಿಸಲ್ಲ, ಸಮಾಜ ತೀರ್ಮಾನಿಸುತ್ತೆ. ಅರವತ್ತರ ದಶಕದಲ್ಲಿ ಅಲ್ಲಿನ ಹುಡುಗರು ಕಪ್ಪೇ ಚೆಲುವು ಅಂತ ಬೀದಿಗಿಳಿದರು. 1966ರಲ್ಲಿ ಬ್ಲ್ಯಾಕ್ ಪ್ಯಾಂಥರ್ ಹುಟ್ಟಿತು, ಅದರ ಹೆಸರು ಹೊತ್ತು 1972ರಲ್ಲಿ ಬೊಂಬಾಯಿಯಲ್ಲಿ ದಲಿತ ಪ್ಯಾಂಥರ್ ಹುಟ್ಟಿತು. ಕೆಟ್ಟದ್ದು ಅನ್ನಿಸಿಕೊಂಡ ಗೊಂಬೆ ತಾನೇ ಎದ್ದು ಮಾತಾಡಿದ ಕಾಲ ಅದು.

ತೀರ್ಪಿನ ನಂತರ ಏನಾಯಿತು? ಪ್ರಿನ್ಸ್ ಎಡ್ವರ್ಡ್ ಕೌಂಟಿಯವರು ಕರಿಯರ ಜೊತೆ ಕೂರಿಸೋ ಬದಲು ಸರ್ಕಾರಿ ಶಾಲೆಗಳನ್ನೇ ಮುಚ್ಚಿದರು. 1959ರಿಂದ 1964ರವರೆಗೆ ಐದು ವರ್ಷ ಬೀಗ. ದಕ್ಷಿಣದಲ್ಲಿ ಕಪ್ಪು ಶಾಲೆಗಳನ್ನು ಮುಚ್ಚಿ ಮಕ್ಕಳನ್ನು ಬಿಳಿ ಶಾಲೆಗೆ ಸೇರಿಸಿದಾಗ ಸಾವಿರಾರು ಕಪ್ಪು ಮೇಷ್ಟ್ರುಗಳು ಬೀದಿಗೆ ಬಿದ್ದರು. ಮಕ್ಕಳು ಒಳಗೆ ಹೋದವು, ಅವರನ್ನು ಅರಿತ ಗುರುಗಳು ಹೊರಗೆ ಉಳಿದರು.

ಮೇಮಿ ಕೋರ್ಟನ್ನು ಕಾಯುತ್ತಾ ಕೂರಲಿಲ್ಲ. 1946ರಲ್ಲೇ, ಅಪ್ಪನಿಂದ 946 ಡಾಲರ್ ಸಾಲ ತಂದು, ಹಾರ್ಲೆಂನ ಒಂದು ವಸತಿ ಕಟ್ಟಡದ ನೆಲಮಾಳಿಗೆಯಲ್ಲಿ ಮಕ್ಕಳ ಕೇಂದ್ರ ತೆರೆದಿದ್ದಳು. ಹಾರ್ಲೆಂ ಮಕ್ಕಳಿಗೂ ಮನಸ್ಸಿನ ಚಿಕಿತ್ಸೆ ಕೊಡಿ ಅಂತ ಇದ್ದ ಸಂಸ್ಥೆಗಳನ್ನೆಲ್ಲ ಕೇಳಿದ್ದಾಯಿತು, ಯಾರೂ ಒಪ್ಪಿರಲಿಲ್ಲ. ಆಗ ತಾಯಂದಿರು ಬಂದರು: 'ನನ್ನ ಮಗನಿಗೆ ಬುದ್ಧಿ ಇಲ್ಲ ಅಂತ ಬೇರೆ ಕ್ಲಾಸಿಗೆ ಹಾಕವ್ರೆ, ನೋಡಿ ತಾಯಿ' ಅನ್ನುವಂಥ ದೂರು. ಮೇಮಿ ಅಳೆದು ನೋಡಿದರೆ ಹೆಚ್ಚಿನ ಮಕ್ಕಳು ಆ ಕ್ಲಾಸಿಗೆ ಸೇರಬೇಕಾದವರೇ ಅಲ್ಲ. ಅದೇ ಬುದ್ಧಿ ಪರೀಕ್ಷೆ, ಅದೇ ಅಳತೆಗೋಲು. ಹಿಡಿದ ಕೈ ಬೇರೆ. ಅಲ್ಲಿ ಮಾತಿನ ಚಿಕಿತ್ಸೆಯಷ್ಟೇ ಇರಲಿಲ್ಲ. ಓದು ಬಾರದವರಿಗೆ ಓದು ಕಲಿಸಿದರು, ಮನೆಯ ಬಾಡಿಗೆ, ಊಟದ ಕಷ್ಟವನ್ನೂ ವಿಚಾರಿಸಿದರು. ಹೊಟ್ಟೆ ಹಸಿದ ಮಗುವನ್ನು ಮಲಗಿಸಿ ಕನಸು ಕೇಳಿದರೆ ಏನು ಬಂತು? 1979ರವರೆಗೆ ಆಕೆ ಅದನ್ನು ನಡೆಸಿದಳು. 1983ರಲ್ಲಿ ತೀರಿಕೊಂಡಳು. ನಾರ್ತ್‌ಸೈಡ್ ಅನ್ನುವ ಆ ಕೇಂದ್ರ ಇಂದಿಗೂ ಇದೆ.

ಮತ್ತೆ ನನ್ನ ಆರನೇ ಕ್ಲಾಸಿಗೆ ಬರ್ತೀನಿ. ಕಾರ್ಲಾ ಹಾಫ್, ಪ್ರಿಯಾಂಕಾ ಪಾಂಡೆ ಅನ್ನುವ ಇಬ್ಬರು ಉತ್ತರ ಪ್ರದೇಶದ ಹಳ್ಳಿಗಳ 6, 7ನೇ ತರಗತಿಯ ಹುಡುಗರಿಗೆ ಕಾಗದದ ಮೇಲೆ ದಾರಿ ಹುಡುಕುವ ಆಟ ಕೊಟ್ಟರು. ಜಾತಿ ಸುದ್ದಿ ಎತ್ತದೆ ಕೊಟ್ಟಾಗ ದಲಿತ ಹುಡುಗರು ಮೇಲುಜಾತಿ ಹುಡುಗರಷ್ಟೇ ಬಿಡಿಸಿದರು. ಇನ್ನೊಂದು ಗುಂಪಿನಲ್ಲಿ ಆಟಕ್ಕೆ ಮುಂಚೆ ಎಲ್ಲರೆದುರು ಹುಡುಗನ ಹೆಸರು, ಅಪ್ಪನ ಹೆಸರು, ಜಾತಿ ಕೂಗಿ ಹೇಳಿದರು. ಕೂಗಿದ್ದಷ್ಟೇ. ದಲಿತ ಹುಡುಗರು ಬಿಡಿಸಿದ ಲೆಕ್ಕ ಇಳಿದುಹೋಯಿತು. 2006ರಲ್ಲಿ ಇದು ಅಚ್ಚಾಯಿತು. ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅವತ್ತು ಮಧ್ಯಾಹ್ನ ನನಗೆ ಲೆಕ್ಕ ಬರದೆ ಹೋದದ್ದು ನನ್ನ ದಡ್ಡತನ ಅಂತ ಇಷ್ಟು ವರ್ಷ ನಂಬಿದ್ದೆ.

ಮೇಷ್ಟ್ರೇ, ಈ ಪತ್ರಿಕೆ ಓದುವ ನಿಮ್ಮಲ್ಲಿ ಎಷ್ಟೋ ಜನ ನಮ್ಮವರೇ. ಒಂದು ಸಣ್ಣ ಕೆಲಸ ಕೇಳ್ತೀನಿ. ಆ ಪಟ್ಟಿಯನ್ನ ಕ್ಲಾಸಿನಲ್ಲಿ ಓದಬೇಡಿ. ಮಕ್ಕಳನ್ನ ಒಬ್ಬೊಬ್ಬರನ್ನೇ ಕರೆದು ಸಹಿ ಹಾಕಿಸಿಕೊಳ್ಳಿ. ಎರಡು ದಿನ ಹೆಚ್ಚು ಹಿಡಿಯಬಹುದು, ಹಿಡಿಯಲಿ. ಓದುತ್ತಿರುವ ತಮ್ಮ ತಂಗಿಯರಿಗೂ ಒಂದು ಮಾತು. ಮೇಷ್ಟ್ರಾಗಿ, ಪೊಲೀಸಾಗಿ, ಕೆ.ಎ.ಎಸ್. ಬರೆಯಿರಿ, ಬೇಡ ಅನ್ನಲ್ಲ. ಆದರೆ ನಿಮ್ಮಲ್ಲಿ ಒಂದಿಬ್ಬರಾದರೂ ಈ ಮಕ್ಕಳ ಮನಸ್ಸಿನ ಶಾಸ್ತ್ರಕ್ಕೆ ಬನ್ನಿ. ನಮ್ಮನ್ನು ಬೇರೆಯವರು ಅಳೆದದ್ದು ಸಾಕು.

ಅವ್ವನಿಗೆ ಈಗ ಉತ್ತರ ಹೇಳಿದ್ದೀನಿ. 'ಹೂಂ ಕಣವ್ವ, ಹುಚ್ಚು ಬಿಡ್ಸೋ ಓದೇ. ಆದ್ರೆ ನಮ್ದಲ್ಲ.' ಅವ್ವ ಒಲೆ ಊದುತ್ತಾ ಅಂದಳು: 'ಹಂಗಾದ್ರೆ ಬಾಳ ವರ್ಸ ಓದ್ಬೇಕಾಯ್ತದೆ ಬುಡು ಮಗ.'